ಶಿಶಿರೋದ್ಯಾನದ ಹುಲ್ಲುಗಳು

ಮನೆಯ ಮುಂದಿನ ನಾಲ್ಕು ಮಡಿಗಳಲ್ಲಿ ದಾಸವಾಳ, ಕಣಗಿಲೆ, ನಂದಿಬಟ್ಟಲುಗಳನ್ನು ನೆಟ್ಟುಕೊಂಡು, ವರ್ಷದ ಯಾವ ಬೆಳಗಿನಲ್ಲಾದರೂ ದೇವರ ಪೂಜೆಗೆ ಒಂದು ಹಿಡಿ ಹೂವಿಗೆ ಕೊರತೆಯಿಲ್ಲದಂತೆ ಬಾಳುವ ನಮ್ಮ ನಾಡಿನ ಗೃಹಸ್ಥನಿಗೆ, ತೋಟವೆಂಬುದು ವರ್ಷದಲ್ಲಿ ಐದು ತಿಂಗಳ ಕಾಲ ಇದ್ದೂ ಇಲ್ಲದಂತಾಗುವ ವಸ್ತುವೆಂದು ಹೇಳಿದರೆ ಆತ ಸುಲಭವಾಗಿ ನಂಬಲಾರ. ಉತ್ತರ ಜರ್ಮನಿಯ ತೋಟಗಾರನಿಗಾದರೋ ಅದು ಪ್ರತಿವರ್ಷದ ಅನುಭವ. ಶರತ್ಕಾಲದ ಒಂದು ರಾತ್ರಿ ಉಷ್ಣಮಾನ ಸೊನ್ನೆಗಿಂತ ಕೆಳಕ್ಕೆ ಇಳಿಯಿತೆಂದರೆ, ಹಿಂದಿನ ಸಂಜೆಯವರೆಗೂ ಕಣ್ಣು ತುಂಬುವಂತಿದ್ದ ಡೇಲಿಯಗಳು ಬೆಳಗಾಗುವ ವೇಳೆಗೆ ಕಪ್ಪಿಟ್ಟು ಜೋತುಬಿದ್ದಿರುತ್ತವೆ; ನವೆಂಬರಿನ ಹೊತ್ತಿಗೆ ಮರಗಳ ಎಲೆಯೆಲ್ಲ ಉದುರಿರುತ್ತದೆ; ಅಲ್ಲಿಂದ ಮುಂದೆ, ಮಾರ್ಚಿಯ ಸುಮಾರಿಗೆ ಕ್ರೋಕಸ್ ಗೆಡ್ಡೆಗಳು ಮೊಳೆತು ತಲೆಯೆತ್ತುವ ತನಕ, ನೆಲದ ಮೇಲೆ ನೋಡತಕ್ಕದ್ದೆಂಬುದೇ ಉಳಿಯುವುದಿಲ್ಲ. ಆದಕಾರಣ ಅಲ್ಲಿಯ ಹಳೆಯ ಪದ್ಧತಿ, ಶರದೃತು ಮುಗಿಯುತ್ತಲೇ ಒಣಗಿದ್ದೆಲ್ಲವನ್ನೂ ಬುಡಸಮ ಕತ್ತರಿಸಿ, ಮಡಿಗಳನ್ನು ಅಗೆದು, ಫರ್ ಮರದ ರೆಂಬೆಗಳನ್ನು ಹೊದಿಸಿ, ಬಾಗಿಲು ಹಾಕಿಕೊಂಡು ಒಳಗೆ ಕುಳಿತುಬಿಡುವುದಾಗಿತ್ತು. ಶುಚಿಯಾದ ತೋಟವೆಂದರೆ ಬರಿಯ ಮಣ್ಣು ಕಾಣುವ ತೋಟವೆಂಬ ನಂಬಿಕೆ ಬಹುಕಾಲ ಬಲವಾಗಿಯೇ ನಿಂತಿತ್ತು.

ಈ ನಂಬಿಕೆಯನ್ನು ಅಲ್ಲಾಡಿಸಿದವರಲ್ಲಿ ಅಗ್ರಗಣ್ಯರು ಕಾರ್ಲ್ ಫೋರ್ಸ್ಟರ್. ಬರ್ಲಿನಿನ ಖಗೋಳ ವೀಕ್ಷಣಾಲಯದ ನಿರ್ದೇಶಕರ ಮಗನಾಗಿ 1874ರಲ್ಲಿ ಜನಿಸಿ, ತಂದೆಯ ದೃಷ್ಟಿ ಯಾವ ದಿಕ್ಕಿನಲ್ಲಿತ್ತೋ ಅದಕ್ಕೆ ನೇರ ವಿರುದ್ಧವಾಗಿ ತಮ್ಮ ದೃಷ್ಟಿಯನ್ನು ನೆಲದ ಕಡೆಗೆ ಹೊರಳಿಸಿದ ಇವರು, ಪಾಟ್ಸ್‌ಡಾಮ್ ನಗರದ ಮಗ್ಗುಲಿನ ಬೋರ್ನಿಮ್ ಎಂಬಲ್ಲಿ 1910ರ ಸುಮಾರಿಗೆ ಸಸ್ಯಕ್ಷೇತ್ರವೊಂದನ್ನು ಸ್ಥಾಪಿಸಿ, ಎರಡು ಮಹಾಯುದ್ಧಗಳನ್ನೂ ಮೂರು ನಾಲ್ಕು ರಾಜ್ಯಪದ್ಧತಿಗಳನ್ನೂ ಅಲ್ಲಿಯೇ ಕುಳಿತು ಕಂಡು, 1970ರಲ್ಲಿ, ತೊಂಬತ್ತಾರು ತುಂಬಿದ ಮೇಲೆ ತೀರಿಕೊಂಡರು. ಅವರಿಗೆ ಕೀರ್ತಿ ತಂದದ್ದು ನೀಲವರ್ಣದ ಡೆಲ್ಫಿನಿಯಮ್ ತಳಿಗಳು. ಆದರೆ ಹುಲ್ಲು, ಜರೀಗಿಡ ಎಂದು ಅನ್ಯರು ಕಿತ್ತೆಸೆಯುತ್ತಿದ್ದ ಜಾತಿಗಳನ್ನು ಅವರು ದಶಕಗಳ ಕಾಲ ತಂದು ನೆಟ್ಟು ಪರೀಕ್ಷಿಸಿ, ಅವು ತೋಟಗಳನ್ನು ಪ್ರವೇಶಿಸಿದ ವೃತ್ತಾಂತವನ್ನೇ ವಿಷಯವನ್ನಾಗಿ ಮಾಡಿಕೊಂಡು 1957ರಲ್ಲಿ, ತಮ್ಮ ಎಂಬತ್ಮೂರನೆಯ ವಯಸ್ಸಿನಲ್ಲಿ, ಗ್ರಂಥವೊಂದನ್ನು ಪ್ರಕಟಿಸಿದರು. ಇಂದು ಯುರೋಪು ಅಮೆರಿಕಗಳ ತೋಟಗಳಲ್ಲಿ ಹುಲ್ಲಿಗೆ ಸಲ್ಲುತ್ತಿರುವ ಮರ್ಯಾದೆಯ ಮೂಲವನ್ನು ಹುಡುಕಿಕೊಂಡು ಹೋದರೆ ಬಹುಮಟ್ಟಿಗೆ ಬೋರ್ನಿಮಿನಲ್ಲಿ ಅವರು ರಚಿಸಿದ ತಗ್ಗುತೋಟದ ಮೆಟ್ಟಿಲುಗಳನ್ನೇ ಇಳಿಯಬೇಕಾಗುತ್ತದೆ.

ಫೋರ್ಸ್ಟರ್ ಅವರ ಲೆಕ್ಕದಲ್ಲಿ ಋತುಗಳು ಏಳು. ಯುರೋಪಿನ ನಾಲ್ಕು ಋತುಗಳು ತೋಟಗಾರನಿಗೆ ಸಾಲವೆಂದು ಅವರು ಪೂರ್ವವಸಂತ, ವಸಂತ, ಗ್ರೀಷ್ಮಾರಂಭ, ಪ್ರೌಢಗ್ರೀಷ್ಮ, ಶರತ್ತು, ಶರದಂತ್ಯ, ಶೀತಕಾಲ ಎಂದು ವರ್ಷವನ್ನು ಒಡೆದು, ಏಳರಲ್ಲಿಯೂ ತೋಟದಲ್ಲಿ ಏನಾದರೊಂದು ನಡೆಯುತ್ತಿರಬೇಕೆಂದು ಹಟ ಹಿಡಿದರು. ಹೇಮಂತ ಶಿಶಿರಗಳೆಂದು ಚಳಿಗಾಲವನ್ನೇ ಎರಡಾಗಿ ಎಣಿಸಿದ ನಮ್ಮ ಪಂಚಾಂಗದವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣಲಾರದು. ವರ್ಷದ ಯಾವ ತಿಂಗಳೂ ಬರಿದಾಗಿ ಹೋಗಕೂಡದೆಂಬ ಈ ಆಸೆಯನ್ನು ನಾವು ಬೆಂಗಳೂರಿನಲ್ಲಿಯೂ ಕಂಡವರೇ. ಫೋರ್ಸ್ಟರ್ ಅವರಿಗಿಂತ ಎಂಟು ವರ್ಷ ಹಿರಿಯರಾದ, ಅದೇ ಜರ್ಮನಿಯ ಡ್ರೆಸ್ಡೆನ್ ಬಳಿಯಲ್ಲಿ ಹುಟ್ಟಿದ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜಿ. ಎಚ್. ಕ್ರುಂಬಿಗಲ್ಲರು, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಜಾತಿಯ ಹೂವು ಮೊದಲಾಗುವಂತೆ ನಗರದ ಬೀದಿಮರಗಳನ್ನು ಯೋಜಿಸಿದರಷ್ಟೆ. ಅವರಿಗೆ ಇಲ್ಲಿ ಬಿಸಿಲು ಸಹಾಯಕ್ಕಿತ್ತು. ಬೋರ್ನಿಮಿನಲ್ಲಿ ಡಿಸೆಂಬರಿಗೆ ಹೂವನ್ನು ತರುವುದು ಯಾರಿಂದಲೂ ಆಗದ ಕೆಲಸವಾದುದರಿಂದ, ಹೂವು ಮುಗಿದ ಮೇಲೆಯೂ ನಿಲ್ಲಬಲ್ಲದ್ದು ಏನಿದೆಯೆಂದು ಕೇಳಿಕೊಳ್ಳಬೇಕಾಯಿತು.

ಹುಲ್ಲು ನಿಲ್ಲುತ್ತದೆ. ಏಕೆ ನಿಲ್ಲುತ್ತದೆಯೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಲೇಸು. ಡೇಲಿಯದಂಥ ಗಿಡದ ಕಾಂಡ ನೆಟ್ಟಗಿರುವುದು ಬಹುಮಟ್ಟಿಗೆ ಅದರ ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ. ಆ ನೀರು ಹೆಪ್ಪುಗಟ್ಟಿ ಕೋಶಪೊರೆಗಳು ಹರಿದವೆಂದರೆ ಅದಕ್ಕೆ ಮತ್ತಾವ ಆಧಾರವೂ ಇಲ್ಲ. ಹುಲ್ಲಿನ ದಂಟಾದರೋ ಬದುಕಿರುವಾಗಲೇ ತನ್ನ ಹೊರಗಿನ ಸುತ್ತಿನಲ್ಲಿ ಗಟ್ಟಿಯಾದ ನಾರನ್ನು ಕಟ್ಟಿಕೊಂಡು, ನೆಲದಿಂದ ಹೀರಿದ ಸಿಲಿಕವನ್ನು, ಎಂದರೆ ಮರಳಿನ ಜಾತಿಯದೇ ಆದ ಪದಾರ್ಥವನ್ನು, ತೊಗಟೆಯಲ್ಲಿಯೂ ಗರಿಯ ಅಂಚಿನಲ್ಲಿಯೂ ಹುದುಗಿಸಿಟ್ಟಿರುತ್ತದೆ. ಕೆಲವು ಜಾತಿಗಳಲ್ಲಿ ದಂಟಿನ ಒಳಗು ಪೊಳ್ಳು, ಕೆಲವುಗಳಲ್ಲಿ ಹಗುರವಾದ ಬೆಂಡು. ಎರಡರಲ್ಲಿಯೂ ಬಲವೆಲ್ಲ ಪರಿಧಿಯಲ್ಲಿ. ಸಮತೂಕದ ಗಟ್ಟಿ ಕಡ್ಡಿಗಿಂತ ಪೊಳ್ಳು ಕೊಳವೆ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆಂಬ ತತ್ತ್ವವನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಹಕ್ಕಿಯ ಎಲುಬನ್ನೂ ಜೊಂಡನ್ನೂ ಸಾಕ್ಷಿಗೆ ಕರೆದು ವಿವರಿಸಿದ್ದಾನೆ. ಗಾಳಿಯಲ್ಲಿ ಬಾಗಿ ಮತ್ತೆ ನೆಟ್ಟಗಾಗುವ ಈ ಸಾಮರ್ಥ್ಯಕ್ಕೆ ಜೀವವಿರಲೇಬೇಕೆಂಬ ನಿಯಮವಿಲ್ಲ. ಜೀವವಾದರೋ ಆ ವೇಳೆಗೆ ಮಣ್ಣಿನ ಮಟ್ಟಕ್ಕೆ ಇಳಿದು, ಬುಡದ ಕಣ್ಣುಗಳಲ್ಲಿ ಮುದುಡಿ ಕುಳಿತಿರುತ್ತದೆ. ಮೇಲೆ ನಿಂತ ಒಣಗರಿಯ ರಾಶಿ ಅದಕ್ಕೆ ಹೊದಿಕೆ. ಕತ್ತರಿಸಿದ ದಂಟಿನ ಕೊಳವೆಯೊಳಗೆ ಮಳೆನೀರು ಇಳಿದು ಬುಡವನ್ನು ಕೊಳೆಯಿಸುವ ಅಪಾಯವೂ ಕತ್ತರಿಸದೆ ಬಿಟ್ಟರೆ ತಪ್ಪುತ್ತದೆ. ಹೀಗೆ ಶರತ್ಕಾಲದಲ್ಲಿ ಕುಡುಗೋಲನ್ನು ಹಿಡಿಯದಿರುವುದು ಚೆಲುವಿಗಾಗಿ ಮಾತ್ರವಲ್ಲ, ಗಿಡದ ಆರೋಗ್ಯಕ್ಕೂ ಒಳ್ಳೆಯದು.

ಇನ್ನು ಚೆಲುವಿನ ವಿಷಯ. ಹುಲ್ಲಿನ ಹೂವಿಗೆ ದಳವಿಲ್ಲ, ಬಣ್ಣವಿಲ್ಲವೆಂದೇ ಹೇಳಬೇಕು, ಸುಗಂಧವಂತೂ ಇಲ್ಲ. ಗಾಳಿಯಿಂದ ಪರಾಗಸ್ಪರ್ಶವಾಗುವ ಜಾತಿಗೆ ದುಂಬಿಯನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ತೆನೆಯಲ್ಲಿ ನಾವು ಮೆಚ್ಚುವ ರೇಷ್ಮೆಯೆಲ್ಲ ಬೀಜವನ್ನು ಗಾಳಿಗೆ ಒಪ್ಪಿಸುವ ಸಲಕರಣೆ. ಮಿಸ್ಕ್ಯಾಂಥಸ್ ಎಂಬ ಪೂರ್ವದೇಶದ ಎತ್ತರದ ಹುಲ್ಲಿನ ಒಂದು ತೆನೆಯನ್ನು ಜನವರಿಯಲ್ಲಿ ಬೆರಳುಗಳ ನಡುವೆ ಹಿಡಿದು ನೋಡಿದರೆ, ಅಕ್ಕಿಯ ಕಾಳಿಗಿಂತ ಚಿಕ್ಕದಾದ ಹೊಟ್ಟಿನ ಬುಡದಿಂದ ಬೆಳ್ಳಗಿನ ನವಿರಾದ ಕೂದಲುಗಳು ಸುತ್ತಲೂ ಹೊರಟಿರುವುದೂ, ಹೊಟ್ಟಿನ ತುದಿಯಲ್ಲಿ ಎಳೆಯಷ್ಟು ಸಣ್ಣ ಮುಳ್ಳೊಂದು ಚಾಚಿಕೊಂಡಿರುವುದೂ, ಬೀಜ ಹಾರಿಹೋದ ಮೇಲೂ ಎಷ್ಟೋ ಕಾಲ ಈ ಕೂದಲಿನ ಒಂದು ಪಾಲು ಉಳಿದಿರುವುದೂ ಕಾಣುತ್ತದೆ. ಈ ತೆನೆಯ ಸ್ವರೂಪವನ್ನು ಕನ್ನಡಿಗನಿಗೆ ವರ್ಣಿಸುವುದಕ್ಕೆ ಹೆಚ್ಚು ಮಾತು ಬೇಡ: ಮಂಡ್ಯದ ಬಯಲಿನಲ್ಲಿ ಸೂಲಂಗಿ ಬಂದ ಕಬ್ಬಿನ ಗದ್ದೆಯನ್ನು ನೋಡಿದವನು ಮಿಸ್ಕ್ಯಾಂಥಸ್ಸನ್ನು ಮುಕ್ಕಾಲು ಪಾಲು ನೋಡಿದಂತೆಯೇ. ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಇವೆರಡು ಅತಿ ಸಮೀಪದ ಬಂಧುಗಳು.

ಕೂದಲಿಗೆ ಬೆಳಕು ಬೇಕು, ಅದೂ ಹಿಂದಿನಿಂದ ಬರುವ ಬೆಳಕು. ಇಲ್ಲಿ ಅಕ್ಷಾಂಶದ ಗಣಿತ ಉತ್ತರದೇಶದವರ ಪಕ್ಷಕ್ಕೆ ನಿಲ್ಲುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. 52 ಡಿಗ್ರಿ ಉತ್ತರದಲ್ಲಿರುವ ಪಾಟ್ಸ್‌ಡಾಮಿನಲ್ಲಿ ನಡುಹಗಲಿನಲ್ಲಿಯೂ ಆತನ ಎತ್ತರ 14 ಡಿಗ್ರಿಯನ್ನು ಮೀರುವುದಿಲ್ಲ, ಹಗಲಿನ ಉದ್ದವೂ ಎಂಟು ಗಂಟೆಗೆ ಕಡಿಮೆ. ಬೆಳಕು ತಲೆಯ ಮೇಲಿಂದ ಬೀಳದೆ ದಿನವಿಡೀ ಮಗ್ಗುಲಿನಿಂದಲೇ ಬರುವುದರಿಂದ, ಕಿಟಕಿಯ ದಕ್ಷಿಣಕ್ಕೋ ನೈಋತ್ಯಕ್ಕೋ ನೆಟ್ಟ ಹುಲ್ಲು ನೋಡುವವನಿಗೂ ಸೂರ್ಯನಿಗೂ ನಡುವೆ ನಿಂತು, ಪ್ರತಿಯೊಂದು ಕೂದಲೂ ಅಂಚಿನಲ್ಲಿ ಹೊತ್ತಿಕೊಳ್ಳುತ್ತದೆ. ಅದನ್ನೇ ಕಿಟಕಿಯ ಉತ್ತರದಿಕ್ಕಿನಲ್ಲಿ ನೆಟ್ಟರೆ ಮಾಸಲು ಹುಲ್ಲಿನ ಮೆದೆಯಷ್ಟೇ ಕಾಣುವುದು. ಎಷ್ಟೋ ಪುಸ್ತಕಗಳು ಜಾತಿಗಳ ಹೆಸರುಗಳನ್ನು ಪುಟಗಟ್ಟಲೆ ಕೊಡುತ್ತವೆ. ದಿಕ್ಕಿನ ವಿಷಯಕ್ಕೆ ಒಂದು ವಾಕ್ಯವನ್ನೂ ವೆಚ್ಚಮಾಡುವುದಿಲ್ಲ. ಚಳಿ ಬಲಿತ ನಿಶ್ಶಬ್ದರಾತ್ರಿಗಳಲ್ಲಿ ಗಾಳಿಯೊಳಗಿನ ತೇವ ನೀರಾಗದೆಯೇ ನೇರವಾಗಿ ಹರಳುಗಟ್ಟಿ ಕೂಡುವ ತುಷಾರವೂ ತೆಳುವಾದ ತುದಿಗಳನ್ನೇ ಮೊದಲು ಹುಡುಕುತ್ತದೆ, ಏಕೆಂದರೆ ಅವು ಬೇಗ ತಣ್ಣಗಾಗುತ್ತವೆ. ಅಗಲವಾದ ಎಲೆಯ ಮೇಲೆ ಬೂದಿಬಣ್ಣದ ಲೇಪವಾಗಿ ಕಾಣುವ ತುಷಾರ, ಹುಲ್ಲಿನ ತೆನೆಯ ಮೇಲೆ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಬರೆದು ತೋರಿಸುತ್ತದೆ.

ಇಷ್ಟರಿಂದ ಎಲ್ಲ ಹುಲ್ಲೂ ಚಳಿಗಾಲಕ್ಕೆ ಯೋಗ್ಯವೆಂದು ಭಾವಿಸಬಾರದು. ಈ ವಿದ್ಯೆಯ ತಿರುಳಿರುವುದೇ ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆಂಬ ತಿಳಿವಳಿಕೆಯಲ್ಲಿ. ಮೊಲೀನಿಯ ಎಂಬ ಯುರೋಪಿನ ಜೌಗುನೆಲದ ಹುಲ್ಲು ಅಕ್ಟೋಬರಿನಲ್ಲಿ ಅಪ್ಪಟ ಜೇನುಬಣ್ಣಕ್ಕೆ ತಿರುಗಿ, ಆಳೆತ್ತರದ ಕಡ್ಡಿಗಳ ಮೇಲೆ ಪಾರದರ್ಶಕವಾದ ತೆನೆಗಳನ್ನು ತೂಗಿ, ಆ ಋತುವಿನ ಮಟ್ಟಿಗೆ ತನಗೆ ಸಮಾನರಿಲ್ಲವೆನ್ನಿಸುತ್ತದೆ. ಆದರೆ ಅದರ ಗೆಣ್ಣುಗಳೆಲ್ಲ ಬುಡದಲ್ಲಿ ಒತ್ತಾಗಿ ಸೇರಿ, ಮೇಲಿನದು ಗೆಣ್ಣಿಲ್ಲದ ಒಂದೇ ಉದ್ದನೆಯ ಕಡ್ಡಿಯಾದುದರಿಂದ, ಚಳಿಗಾಲ ಕಾಲಿಡುತ್ತಲೇ ಆ ಬುಡದ ಕೀಲು ಕಳಚಿ ಇಡೀ ಗಿಡ ನೆಲಕ್ಕೊರಗುತ್ತದೆ. ಡೆಶಾಂಪ್ಸಿಯ ಬೇಸಗೆಯಲ್ಲಿ ಮಂಜಿನ ತೆರೆಯಂತಿದ್ದು ನಡುಚಳಿಯ ಮಳೆಗೆ ಕುಸಿಯುತ್ತದೆ. ನಮ್ಮ ಸಜ್ಜೆಯ ಕುಲದ್ದೇ ಆದ ಪೆನ್ನಿಸೀಟಮ್ಮಿನ ಮೃದುವಾದ ತೆನೆಗಳು ಡಿಸೆಂಬರಿಗೆ ಮುಂಚೆಯೇ ಉದುರತೊಡಗಿ ಬರಿಯ ಕಡ್ಡಿ ಉಳಿಯುವುದುಂಟು. ನಮ್ಮ ಸಾಮೆ ಬರಗುಗಳ ದಾಯಾದಿಯೂ ಉತ್ತರ ಅಮೆರಿಕದ ಬಯಲುಸೀಮೆಯ ನಿವಾಸಿಯೂ ಆದ ಪ್ಯಾನಿಕಮ್ ವಿರ್ಗ್ಯಾಟಮ್ ಬಹಳ ದಿನ ನಿಲ್ಲುತ್ತದೆ. ಅದೇ ಸೀಮೆಯ ಗಿಡ್ಡಹುಲ್ಲಾದ ಸ್ಕಿಜಾಕಿರಿಯಮ್ ತಾಮ್ರದ ಬಣ್ಣಕ್ಕೆ ತಿರುಗಿ, ಆ ಬಣ್ಣವನ್ನು ಹಿಮದ ನಡುವೆಯೂ ಕಾಪಾಡಿಕೊಳ್ಳುತ್ತದೆ. ಮಿಸ್ಕ್ಯಾಂಥಸ್ ಮಾರ್ಚಿಯವರೆಗೂ ನಂಬತಕ್ಕ ಜಾತಿ.

ಎಲ್ಲಕ್ಕಿಂತ ಮೇಲಾದದ್ದು ಫೋರ್ಸ್ಟರ್ ಅವರ ಹೆಸರನ್ನೇ ಹೊತ್ತಿರುವ ಕ್ಯಾಲಮಗ್ರೋಸ್ಟಿಸ್. ಎರಡು ಕಾಡುಜಾತಿಗಳ ಸಂಕರದಿಂದ ತಾನಾಗಿ ಹುಟ್ಟಿದ ಈ ಹುಲ್ಲನ್ನು ಅವರು ಹ್ಯಾಂಬುರ್ಗಿನ ಸಸ್ಯೋದ್ಯಾನದಲ್ಲಿ ಗುರುತಿಸಿದರೆಂಬುದು ತೋಟಗಾರರಲ್ಲಿ ನಡೆದುಬಂದಿರುವ ಮಾತು. ಜೂನಿನಲ್ಲಿ ನಸುಗೆಂಪಾಗಿ ಬಿಚ್ಚಿಕೊಳ್ಳುವ ತೆನೆ ಕೆಲವೇ ವಾರಗಳಲ್ಲಿ ಮತ್ತೆ ಮುಚ್ಚಿಕೊಂಡು, ಗೋಧಿಯ ಬಣ್ಣ ತಳೆದು, ಐದಾರು ಅಡಿ ಎತ್ತರದಲ್ಲಿ ಕಂಬದಂತೆ ನೆಟ್ಟಗಾಗಿ, ಎಂಟು ತಿಂಗಳ ಕಾಲ ಅದೇ ನಿಲುವಿನಲ್ಲಿರುತ್ತದೆ. ಹಿಮದ ಭಾರಕ್ಕೆ ಬಾಗಿದರೂ ಹಿಮ ಕರಗಿದೊಡನೆ ಏಳುತ್ತದೆ. ಬೀಜ ಬಂಜೆಯಾದುದರಿಂದ ನೆರೆಹೊರೆಯ ನೆಲಕ್ಕೆ ಹಬ್ಬುವ ಭಯವಿಲ್ಲ. ಅಮೆರಿಕದ ಬಹುವಾರ್ಷಿಕ ಸಸ್ಯಗಳ ಸಂಘ 2001ರಲ್ಲಿ ಇದನ್ನು ವರ್ಷದ ಸಸ್ಯವೆಂದು ಆರಿಸಿದ ಮೇಲೆ, ಆ ದೇಶದಲ್ಲಿ ಇದಿಲ್ಲದ ಹೊಟೇಲಿನ ಅಂಗಳ, ಇದಿಲ್ಲದ ಮೋಟಾರು ನಿಲುಗಡೆ ಸಿಕ್ಕುವುದೇ ಅಪರೂಪವೆನ್ನುವಷ್ಟು ಹರಡಿತು. ಒಳ್ಳೆಯದನ್ನು ಅತಿಯಾಗಿ ಬಳಸಿ ಕಣ್ಣಿಗೆ ಬೇಸರ ತರಿಸುವ ವಿದ್ಯೆ ಎಲ್ಲ ದೇಶದ ಗುತ್ತಿಗೆದಾರರಿಗೂ ಸಮಾನವಾಗಿ ಬರುತ್ತದೆ.

ಮಿಸ್ಕ್ಯಾಂಥಸ್ಸಿನ ಕಥೆ ಸ್ವಲ್ಪ ಬೇರೆ. ಜಪಾನಿನಲ್ಲಿ ಸುಸುಕಿ ಎಂದು ಕರೆಯುವ ಈ ಹುಲ್ಲು ಅಲ್ಲಿಯವರ ಮನೆಯ ಮೇಲಿನ ಹೊದಿಕೆಯೂ ಹೌದು, ಶರತ್ಪೂರ್ಣಿಮೆಯ ರಾತ್ರಿ ಚಂದ್ರನಿಗೆ ಅಕ್ಕಿಯ ಉಂಡೆಗಳೊಡನೆ ಅರ್ಪಿಸುವ ಅಲಂಕಾರವೂ ಹೌದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಗೆ ಬಂದ ತಳಿಗಳಿಗೆ ಉತ್ತರದ ಬೇಸಗೆಯ ಸೆಕೆ ಸಾಲದೆ, ಅವು ಗರಿಯನ್ನೇನೋ ಧಾರಾಳವಾಗಿ ಬಿಟ್ಟು, ತೆನೆ ಹೊರಡುವ ಮುನ್ನವೇ ಚಳಿಗೆ ಸಿಕ್ಕಿಬೀಳುತ್ತಿದ್ದುವು. ತೆನೆಯಿಲ್ಲದ ಮಿಸ್ಕ್ಯಾಂಥಸ್ಸಿನಿಂದ ಚಳಿಗಾಲಕ್ಕೇನು ಪ್ರಯೋಜನ? ನೆದರ್ಲೆಂಡಿನ ಗಡಿಗೆ ಸಮೀಪವಾದ ಲೇರ್ ಎಂಬ ಊರಿನ ಎರ್ನ್ಸ್ಟ್ ಪಾಗೆಲ್ಸ್, ಇವರು ಫೋರ್ಸ್ಟರ್ ಅವರ ಶಿಷ್ಯರು, ಗಾಜಿನ ಮನೆಯಲ್ಲಿ ಗಿಡಗಳನ್ನು ಬೆಚ್ಚಗಿಟ್ಟು ಬೀಜ ಕಟ್ಟಿಸಿ, ಆ ಬೀಜದ ಸಸಿಗಳಲ್ಲಿ ಬೇಗ ತೆನೆಬಿಡುವುವನ್ನು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದರು. ಮಾಲೆಪಾರ್ಟುಸ್, ಕ್ಲೈನೆ ಫೊಂಟೇನೆ ಮುಂತಾದ ತಳಿಗಳು ಆಗಸ್ಟ್ ಸೆಪ್ಟೆಂಬರುಗಳಲ್ಲಿಯೇ ತೆನೆಯೆತ್ತಲು ಕಾರಣವಾದುದು ಈ ಸಹನೆ. ಉತ್ತರ ಯುರೋಪಿನ ಚಳಿಗಾಲದ ತೋಟಕ್ಕೆ ತೆನೆಯನ್ನು ದೊರಕಿಸಿಕೊಟ್ಟವರು ನಿಜಾರ್ಥದಲ್ಲಿ ಪಾಗೆಲ್ಸ್. ಅವರ ಹೆಸರನ್ನು ತೋಟಗಾರರಲ್ಲದವರು ಕೇಳಿಯೇ ಇರುವುದಿಲ್ಲ.

ಅಮೆರಿಕಕ್ಕೆ ಈ ಅಭಿರುಚಿಯನ್ನು ಒಯ್ದವರಲ್ಲಿ ಜರ್ಮನಿಯಿಂದ ವಲಸೆಹೋದ ವೋಲ್ಫ್‌ಗಾಂಗ್ ಓಹ್ಮೆ ಮುಖ್ಯರು; 1970ರ ದಶಕದಲ್ಲಿ ಜೇಮ್ಸ್ ವ್ಯಾನ್ ಸ್ವೀಡನ್ನರ ಜೊತೆಗೂಡಿ ಅವರು ವಾಷಿಂಗ್ಟನ್ನಿನ ಸರಕಾರಿ ಕಟ್ಟಡಗಳ ಮುಂದಿನ ಹುಲ್ಲುಹಾಸನ್ನು ತೆಗೆದು ಎತ್ತರದ ಹುಲ್ಲನ್ನು ಸಾವಿರಗಟ್ಟಲೆ ನೆಟ್ಟರು. ಇದರೊಳಗೊಂದು ವಿನೋದವಿದೆ. ಇಲಿನಾಯ್ ಪ್ರಾಂತ ಒಂದು ಕಾಲಕ್ಕೆ ಬಹುಭಾಗ ಹುಲ್ಲುಗಾವಲೇ ಆಗಿತ್ತು. 1837ರಲ್ಲಿ ಅದೇ ಪ್ರಾಂತದಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲನ್ನು ರೂಪಿಸಿದ ಮೇಲೆ ಆ ಗಾವಲೆಲ್ಲ ಮುಸುಕಿನ ಜೋಳದ ಹೊಲವಾಗಿ, ಇಂದು ಸಾವಿರದಲ್ಲಿ ಒಂದು ಪಾಲೂ ಉಳಿದಿಲ್ಲ. ಹೀಗೆ ಉತ್ತುಹಾಕಿದ ಪ್ಯಾನಿಕಮ್ಮನ್ನು ಜರ್ಮನಿಯ ಸಸ್ಯಕ್ಷೇತ್ರಗಳು ಕೊಂಡೊಯ್ದು, ಅದರಲ್ಲಿ ಕೆಂಗರಿಯವನ್ನು ಆರಿಸಿ, ಅಮೆರಿಕದ ಕಣಿವೆಯೊಂದರ ಮೇಲೆ ಶೆನಾಂಡೋಆ ಎಂದು ಹೆಸರಿಟ್ಟು, ತಿರುಗಿ ಅಮೆರಿಕದವರಿಗೇ ಮಾರಿದವು. 2004ರಲ್ಲಿ ಷಿಕಾಗೋ ನಗರದ ನಡುಮಧ್ಯದ ಮಿಲೆನಿಯಮ್ ಪಾರ್ಕಿನಲ್ಲಿ, ನೆಲದಡಿಯ ವಾಹನಶಾಲೆಯ ಚಾವಣಿಯ ಮೇಲೆ, ಲೂರಿ ಉದ್ಯಾನ ತೆರೆದಾಗ ಅದರ ಸಸ್ಯವಿನ್ಯಾಸ ಮಾಡಿದವರು ನೆದರ್ಲೆಂಡಿನ ಪೀಟ್ ಔಡಾಲ್ಫ್. ಆ ಊರಿನಲ್ಲಿ ನೆಲೆಸಿರುವ ಕನ್ನಡಿಗರು ಜನವರಿಯ ಮಧ್ಯಾಹ್ನವೊಂದರಲ್ಲಿ, ಊರಿನ ಮಗ್ಗುಲಿನ ಸರೋವರದ ಮೇಲಿಂದ ಬೀಸುವ ಗಾಳಿಗೆ ಕಿವಿ ಮುಚ್ಚಿಕೊಂಡಾದರೂ ಸರಿ, ಅದರೊಳಗೆ ಒಂದು ಸುತ್ತು ಬರಬೇಕು; ಇಲ್ಲಿ ಹೇಳಿದ ಅರ್ಧ ಸಂಗತಿ ಅಲ್ಲಿ ಕಣ್ಣಿಗೇ ಬೀಳುತ್ತದೆ.

ಔಡಾಲ್ಫರ ವಿನ್ಯಾಸವನ್ನು ಗಮನಿಸಿದರೆ, ಹುಲ್ಲನ್ನು ಒಂಟಿಯಾಗಿ ಮೆರೆಯಿಸುವುದಕ್ಕಿಂತ ಕಪ್ಪು ಬೀಜತಲೆಗಳ ಜೊತೆಯಲ್ಲಿ ನಿಲ್ಲಿಸುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿಯೆಂದು ತೋರುತ್ತದೆ. ಎಕಿನೇಶಿಯದ ಗಟ್ಟಿ ಗುಂಡು, ಫ್ಲೋಮಿಸ್ಸಿನ ಮಜಲುಮಜಲಾದ ಚೆಂಡು, ಎರಿಂಜಿಯಮ್ಮಿನ ಮುಳ್ಳು, ಇವೆಲ್ಲ ಬಿಂದುಗಳು. ಹುಲ್ಲು ಅವುಗಳ ನಡುವಿನ ರೇಖೆ. ಬಣ್ಣ ತೊಲಗಿದ ಮೇಲೆ ಕಣ್ಣಿಗೆ ಉಳಿಯುವುದು ಆಕಾರವೊಂದೇ ಆದುದರಿಂದ, ಅವರು ಗಿಡವನ್ನು ಆರಿಸುವಾಗ ಅದು ಸತ್ತ ಮೇಲೆ ಹೇಗೆ ಕಾಣುತ್ತದೆಂಬುದನ್ನು ಮೊದಲೇ ವಿಚಾರಿಸುತ್ತಾರೆ. ಹಿಂದುಗಡೆ ಯೂ ಅಥವಾ ಬೀಚ್ ಬೇಲಿಯ ದಟ್ಟವಾದ ಗೋಡೆಯೊಂದಿದ್ದರೆ ಒಣಹುಲ್ಲಿನ ಬಿಳಿಚು ಬಣ್ಣ ಎದ್ದುಕಾಣುತ್ತದೆ. ತೆರೆದ ಬೂದಿಯಾಕಾಶದ ಮುಂದೆ ಅದೇ ಹುಲ್ಲು ಕರಗಿಹೋಗುತ್ತದೆ. ಹಕ್ಕಿಗಳಿಗೆ ಬೀಜತಲೆಯಲ್ಲಿ ಆಹಾರ, ಹುಳುಹುಪ್ಪಟೆಗಳಿಗೆ ದಂಟಿನ ಒಳಗೂ ಬುಡದ ಗರಿಗಳಲ್ಲಿಯೂ ಆಶ್ರಯ ದೊರೆಯುವುದು ಇದರ ಜೊತೆಯ ಲಾಭ.

ಆದರೆ ಈ ಪಂಥದವರ ಛಾಯಾಚಿತ್ರಗಳನ್ನು ಪೂರ್ತಿ ನಂಬುವುದು ವಿವೇಕವಲ್ಲ. ತುಷಾರದ ಬೆಳಗು ಒಂದು ಚಳಿಗಾಲದಲ್ಲಿ ಎಷ್ಟು ಬಾರಿ ಬಂದೀತು? ಇಂಗ್ಲೆಂಡಿನ ಪಶ್ಚಿಮಭಾಗದಂಥ ತೇವದ ಸೀಮೆಯಲ್ಲಿ ಡಿಸೆಂಬರಿನ ದಿನಗಳು ಬಹುಪಾಲು ಮಳೆ, ಗಾಳಿ, ಮಬ್ಬುಗಳಲ್ಲಿಯೇ ಕಳೆದು, ಹುಲ್ಲು ನೆನೆದು ಅಡ್ಡಾದಿಡ್ಡಿ ಬೀಳುತ್ತದೆ; ಬಿದ್ದದ್ದನ್ನು ಅಲ್ಲಿಯೇ ಬಿಟ್ಟು ಇದೂ ಒಂದು ಸೌಂದರ್ಯವೆಂದು ವಾದಿಸುವುದಕ್ಕೆ ತೋಟಗಾರಿಕೆಗಿಂತ ಹೆಚ್ಚಾಗಿ ತರ್ಕಶಾಸ್ತ್ರ ಗೊತ್ತಿರಬೇಕು. ಬಿದ್ದದ್ದನ್ನು ತೆಗೆದು ನಿಂತದ್ದನ್ನು ಬಿಡುವುದೇ ಸರಿಯಾದ ದಾರಿ. ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ಗಾಳಿಗೆ ಬೀಜ ಬಿಡುವ ಸಲಕರಣೆಯನ್ನು ಮೆಚ್ಚಿ ನೆಟ್ಟ ಮೇಲೆ ಆ ಸಲಕರಣೆ ತನ್ನ ಕೆಲಸವನ್ನು ಮಾಡದಿರುವುದಿಲ್ಲ. ಅಮೆರಿಕದ ಪೂರ್ವಭಾಗದಲ್ಲಿ ಮಿಸ್ಕ್ಯಾಂಥಸ್ ರಸ್ತೆಯ ಬದಿಗಳಿಗೆ ಹಬ್ಬಿದೆ. ಹವಾಯಿ ದ್ವೀಪಗಳಲ್ಲಿ ಪೆನ್ನಿಸೀಟಮ್ಮಿನ ಒಂದು ಜಾತಿ ಲಾವಾದ ನೆಲವನ್ನು ಹೊದ್ದು ಕಾಡ್ಗಿಚ್ಚಿಗೆ ಸೌದೆಯಾಗಿದೆ. ಇಂಗ್ಲಿಷರು ಒಂದು ಕಾಲಕ್ಕೆ ಹುಲ್ಲುಹಾಸಿನ ನಡುವೆ ಪ್ರತಿಷ್ಠೆಗಾಗಿ ನೆಡುತ್ತಿದ್ದ ಪಾಂಪಾಸ್ ಹುಲ್ಲು ನ್ಯೂಜಿಲೆಂಡ್, ಕ್ಯಾಲಿಫೋರ್ನಿಯಗಳಲ್ಲಿ ಕಳೆಯಾಗಿ ಕುಳಿತಿದೆ. ಕೆಂಗರಿಯ ಅಲಂಕಾರವೆಂದು ಮಾರುತ್ತಿದ್ದ ಇಂಪೆರಾಟ, ಎಂದರೆ ನಮ್ಮಲ್ಲಿ ಹಲವು ಕಡೆ ದರ್ಭೆಯೆಂದೇ ಬಳಸುವ ಹುಲ್ಲು, ಅಮೆರಿಕದ ಕಾನೂನಿನ ಪ್ರಕಾರ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ.

ಬೆಂಗಳೂರಿನ ಹೊಸ ವಸತಿಸಮುಚ್ಚಯಗಳ ಮುಂದೆಯೂ ಈಗೀಗ ನೇರಿಳೆಗರಿಯ ಪೆನ್ನಿಸೀಟಮ್ ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಅದಕ್ಕೆ ಇಲ್ಲಿ ನಿದ್ರೆಯ ಕಾಲವಿಲ್ಲ, ತಗ್ಗಿದ ಸೂರ್ಯನಿಲ್ಲ, ತುಷಾರವಿಲ್ಲ. ಉತ್ತರದವರು ಯಾವ ಕೊರತೆಯನ್ನು ತುಂಬಿಕೊಳ್ಳಲು ಹುಲ್ಲನ್ನು ಕರೆದರೋ ಆ ಕೊರತೆಯೇ ನಮಗಿಲ್ಲ. ಒಣಹುಲ್ಲಿನ ಬಣ್ಣವನ್ನು ನೋಡಬೇಕೆಂಬ ಕನ್ನಡಿಗನಿಗೆ ಜನವರಿಯಲ್ಲಿ ಬಾಬಾಬುಡನ್‌ಗಿರಿಯ ಇಳಿಜಾರುಗಳಿವೆ. ಮಲೆನಾಡಿನ ಬೇಣಗಳಲ್ಲಿ ಕರಡ ಕೊಯ್ಯುವವರಿಗೆ ಅದನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ.

ಉತ್ತರದಲ್ಲಿ ಕೊಯ್ಲಿನ ಕಾಲ ಫೆಬ್ರವರಿಯ ಕೊನೆಯಿಂದ ಮಾರ್ಚಿಯ ನಡುವಿನವರೆಗೆ, ಬುಡದಲ್ಲಿ ಹೊಸ ಮೊಳಕೆ ಕಾಣಿಸಿಕೊಳ್ಳುವ ಮುನ್ನ. ತಡಮಾಡಿದರೆ ಹಳೆಯ ದಂಟಿನ ಜೊತೆಗೆ ಎಳೆಯ ಸುಳಿಯೂ ಕತ್ತರಿಗೆ ಸಿಕ್ಕಿ, ವರ್ಷವೆಲ್ಲ ಗರಿಯ ತುದಿ ಮೊಂಡಾಗಿರುತ್ತದೆ. ಅನುಭವಸ್ಥರು ಮೊದಲು ಇಡೀ ಗುತ್ತಿಯನ್ನು ನಡುವಿನಲ್ಲಿ ಹಗ್ಗದಿಂದ ಬಿಗಿದು ಕಟ್ಟಿ, ಆಮೇಲೆ ನೆಲದಿಂದ ಒಂದು ಗೇಣು ಬಿಟ್ಟು ಕೂಳೆಯುಳಿಯುವಂತೆ ಕತ್ತರಿಸುತ್ತಾರೆ. ಹೊರೆ ಹೊರೆಯಾಗಿಯೇ ಕೈಗೆ ಬರುತ್ತದೆ, ಗಾಳಿಗೆ ಚೆಲ್ಲಾಡುವುದಿಲ್ಲ. ಗರಿಯ ಅಂಚಿನ ಸಿಲಿಕದ ಹಲ್ಲುಗಳಿಂದಾಗಿ ಕೈಗವಸು ಕಡ್ಡಾಯ. ನೀಲಿಗರಿಯ ಫೆಸ್ಕ್ಯೂವಿನಂಥ ನಿತ್ಯಹಸುರಿನ ಜಾತಿಗಳನ್ನು ಮಾತ್ರ ಕತ್ತರಿಸದೆ, ಬೆರಳಿನಿಂದ ಬಾಚಿ ಒಣಗರಿಯನ್ನಷ್ಟೇ ತೆಗೆಯತಕ್ಕದ್ದು. ಮಿಸ್ಕ್ಯಾಂಥಸ್, ಪ್ಯಾನಿಕಮ್‌ಗಳು ಸೆಕೆಯನ್ನು ಬಯಸುವ ಜಾತಿಗಳಾದುದರಿಂದ ಮೇ ತಿಂಗಳವರೆಗೆ ಏಳುವುದಿಲ್ಲ. ನಡುವಿನ ಎರಡು ತಿಂಗಳ ಬರಿನೆಲಕ್ಕೆ ನಾರ್ಸಿಸಸ್, ಟ್ಯುಲಿಪ್ ಗೆಡ್ಡೆಗಳನ್ನು ಗುತ್ತಿಗಳ ಸಂದಿನಲ್ಲಿ ಶರತ್ಕಾಲದಲ್ಲಿಯೇ ಹುಗಿದಿಟ್ಟಿದ್ದರೆ, ಅವು ಹೂಬಿಟ್ಟು ಎಲೆ ಬಾಡುವ ವೇಳೆಗೆ ಹುಲ್ಲು ಮೇಲೆದ್ದು ಆ ಬಾಡಿದೆಲೆಯನ್ನು ಮರೆಮಾಡುತ್ತದೆ. ಕೊಯ್ದ ಹುಲ್ಲನ್ನು ಸಣ್ಣಗೆ ಕೊಚ್ಚಿ ಅದೇ ಮಡಿಗೆ ಹೊದಿಸುವುದು ವಾಡಿಕೆ. ಹಲವು ವರ್ಷ ಕಳೆದ ಗುತ್ತಿ ಹೊರಸುತ್ತಿನಲ್ಲಿ ತೆಂಡೆಯೊಡೆಯುತ್ತ ಹೋಗಿ ನಡುವೆ ಸತ್ತು ಬಳೆಯಾಕಾರವಾದಾಗ, ಅದನ್ನು ವಸಂತದಲ್ಲಿಯೇ ಅಗೆದು ಒಡೆಯಬೇಕು, ಚಳಿಗೆ ಮುಂಚೆ ಒಡೆದರೆ ಬೇರೂರುವಷ್ಟು ಕಾಲ ಸಿಗುವುದಿಲ್ಲ. ಹಳೆಯ ಮಿಸ್ಕ್ಯಾಂಥಸ್ಸಿಗೆ ಸನಿಕೆ ಸಾಲದು, ಕೊಡಲಿಯೇ ಬೇಕು. ಅಂಚಿನ ಹೋಳುಗಳನ್ನು ನೆಟ್ಟು ನಡುವಿನ ಒಣಬುಡವನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ.